ಗಣಿಯಲ್ಲಿ ಹೆಣ್ಣಾಳಿಲ್ಲ

ಸತ್ತು ನಾಲ್ಕು ವರ್ಷವಾಗಿದ್ದ ಎರ್ರಿಯಪ್ಪನಿಗೆ ಸಂಡೂರು ಗುಡ್ಡದ ಆ ಗಣಿಯಲ್ಲಿ ದಿನಾ ಹಾಜರಿ ಬೀಳುತ್ತಿತ್ತು. ಬದುಕಿದ್ದ ಅವನ ಹೆಂಡತಿ ಗಾಳೆಮ್ಮನಿಗೆ ಬೀಳುತ್ತಿರಲಿಲ್ಲ. ಮಗಳು ಹೇಮಾಳಿಗೂ ಬೀಳುತ್ತಿರಲಿಲ್ಲ.

ಗಣಿಯ ರೈಟರ್ ಶಂಭುಲಿಂಗ ಹಾಜರಿ ಹಾಕುತ್ತಿದ್ದುದೇ ಹಾಗೆ. ಗಂಡಸಿನ ಹೆಸರು ಬರೆಯುತ್ತಿದ್ದ. ಆ ಗಂಡಸಿನ ಮನೆಯಿಂದ ಎಷ್ಟು ಹೆಂಗಸರು ಬಂದರೋ ಅಷ್ಟು ಗೀಟು ಪಕ್ಕದಲ್ಲಿ ಎಳೆಯುತ್ತಿದ್ದ. ಗಾಳೆಮ್ಮ ಒಂದು ಗೀಟು. ಹೇಮಾ ಇನ್ನೊಂದು ಗೀಟು. ಗಂಡ ಎದೆ ತುಂಬ ಕೆಂಪು ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಸತ್ತಾಗ ಗಾಳೆಮ್ಮ ಕೇಳಿದ್ದಳು.

"ಅಣ್ಣಾರ, ಆತ ಹೋಗಿಬಿಟ್ಟ. ಇನ್ಮ್ಯಾಲ ನನ್ನ ಹೆಸರು ಬರಕೋರಿ."

"ನಿನ್ನ ಹೆಸರು ಬರದ್ರ ಗಣ್ಯಾಗ ಹೆಣ್ಣಾಳು ಅದಾರ ಅಂತಾಕ್ಕತಿ. ಹೆಣ್ಣಾಳು ಅದಾರ ಅಂದ್ರ ನೆಳ್ಳು ಹಾಕ್ಸು, ಸಂಡಾಸ ಕಟ್ಸು, ಕೂಸು ಮಲಗ್ಸಾಕ ಕೋಣಿ ಕೊಡು ಅಂತಾರ ಮ್ಯಾಲಿನ್ಯಾರು. ಯಾಕ ಬೇಕು? ನಿನ್ನ ಗಂಡ ಸತ್ರೂ ದುಡ್ಯಾಕ ಬರ್ತಾನ. ಪುಣ್ಯವಂತಿ ಬಿಡು ನೀನು."

ಎಲ್ಲರೂ ನಕ್ಕರು. ಗಾಳೆಮ್ಮನೂ ನಕ್ಕಳು. ನಗದಿದ್ದರೆ ಮಾರನೇ ದಿನ ಕೆಲಸ ಇರುತ್ತಿರಲಿಲ್ಲ.

ನಲವತ್ತು ಹೆಂಗಸರು ಅಲ್ಲಿ ಅದಿರು ಒಡೆಯುತ್ತಿದ್ದರು. ಸುತ್ತಿಗೆ ಅವರವರದೇ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಕಲ್ಲು ಹಿಡಿದು, ಬಲಗೈಯಲ್ಲಿ ಹೊಡೆಯಬೇಕು. ಮುಷ್ಟಿಯಷ್ಟು ಗಾತ್ರ ಬರುವ ತನಕ ಹೊಡೆಯಬೇಕು. ತಪ್ಪಿದರೆ ಬೆರಳು. ಗಾಳೆಮ್ಮನ ಎಡಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ಸೀರೆ ಕೆಂಪು, ಕೂದಲು ಕೆಂಪು, ಉಗುಳು ಕೆಂಪು. ಮುಟ್ಟಾದರೂ ಯಾರಿಗೂ ಗೊತ್ತಾಗುವುದಿಲ್ಲ, ಅದೊಂದೇ ಲಾಭ ಎಂದು ಹೊಳೆಮ್ಮ ಹೇಳುತ್ತಿದ್ದಳು. ಹೊಳೆಮ್ಮ ಗಾಳೆಮ್ಮನ ಓರಗೆಯವಳು. ಒಂದೇ ಕೇರಿ. ಪಕ್ಕದಲ್ಲೇ ಕೂತು ಒಡೆಯುವವಳು. ಬಾಯಿಗೆ ಬೀಗ ಇಲ್ಲದವಳು.

ಹೇಮಾಗೆ ಹತ್ತೊಂಬತ್ತು. ಪಿಯುಸಿಯಲ್ಲಿ ಇಂಗ್ಲಿಷ್ ಹೋಗಿತ್ತು. ಮತ್ತೆ ಕಟ್ಟುತ್ತೇನೆ ಎನ್ನುತ್ತ ತಾಯಿಯ ಜೊತೆ ಗುಡ್ಡ ಹತ್ತುತ್ತಿದ್ದಳು. ಬೆಳಿಗ್ಗೆ ಶಂಭುಲಿಂಗ "ಎರ್ರಿಯಪ್ಪಾ" ಎಂದು ಕೂಗಿದರೆ ಸಾಕು, ಗಂಡು ದನಿ ತೆಗೆದು "ಎಸ್ ಸಾರ್" ಎಂದುಬಿಡುತ್ತಿದ್ದಳು.

"ಸುಮ್ನಿರಬೇ, ಸತ್ತಾತನ್ನ ಆಡಿಕ್ಯಂತಾರೇನು?" ಎಂದು ಗಾಳೆಮ್ಮ ಗದರುತ್ತಿದ್ದಳು.

"ಆಡಿಕ್ಯಳ್ಳಾಕತ್ತಿಲ್ಲವ್ವ. ಅಪ್ಪ ರಜಾ ಹಾಕಂಗಿಲ್ಲಲ್ಲ, ಅದಕ್ಕ."

ಗಣಿಯಲ್ಲಿ ಹೆಂಗಸರಿಗೆ ಸಂಡಾಸ ಇರಲಿಲ್ಲ. ಇಲ್ಲದ ಹೆಂಗಸರಿಗೆ ಸಂಡಾಸ ಯಾರು ಕಟ್ಟುತ್ತಾರೆ? ಬೇಡವಾದ ಮಣ್ಣು, ಕಲ್ಲು ತಂದು ಸುರಿದು ಸುರಿದು ಗುಡ್ಡದ ಪಕ್ಕ ಇನ್ನೊಂದು ಗುಡ್ಡವಾಗಿತ್ತು. ಡಂಪು ಅನ್ನುತ್ತಿದ್ದರು. ಹೆಂಗಸರು ಅದರ ಬುಡಕ್ಕೆ ಹೋಗುತ್ತಿದ್ದರು. ಇಬ್ಬಿಬ್ಬರು. ಒಬ್ಬಳು ಕೂತರೆ ಇನ್ನೊಬ್ಬಳು ಬೆನ್ನು ತಿರುಗಿಸಿ ಕಾವಲು ನಿಲ್ಲುತ್ತಿದ್ದಳು.

ಮಾರ್ಚ್ ನಾಲ್ಕನೇ ತಾರೀಕು ಮಧ್ಯಾಹ್ನ ಹೇಮಾ ಹೋದಳು. ಕಾವಲಿಗೆ ಹೊಳೆಮ್ಮ ಹೋದಳು. ಮೇಲೆ ಟಿಪ್ಪರ್ ಬಂದು ನಿಂತ ಸದ್ದು ಹೊಳೆಮ್ಮನಿಗೆ ಕೇಳಿತು. "ಲೇ, ನಿಲ್ಲೋ, ಹುಡಿಗಿ ಅದಾಳಲೇ" ಎಂದು ಕೂಗಿದಳು. ಇಂಜಿನ್ ಸದ್ದಿನಲ್ಲಿ ಹೆಂಗಸಿನ ಕೂಗು ಯಾರಿಗೆ ಕೇಳುತ್ತದೆ? ಸುರಿದ ಮಣ್ಣು ಒಂದು ಲೋಡಿನದು. ಆದರೆ ಅದು ಕೆಳಗಿದ್ದುದನ್ನೆಲ್ಲ ಎಳೆದುಕೊಂಡು ಬಂತು. ಡಂಪಿನ ಅರ್ಧ ಮೈ ಕುಸಿದು ಬಂತು. ಹೊಳೆಮ್ಮ ತಿರುಗಿ ನೋಡಿದಾಗ ಹೇಮಾ ಕೂತಿದ್ದ ಜಾಗವೇ ಅಲ್ಲಿರಲಿಲ್ಲ.

ಗಾಳೆಮ್ಮ ಓಡಿ ಬಂದಳು. ಕೈಯಿಂದ ತೋಡಿದಳು. ಉಳಿದ ಮೂವತ್ತೆಂಟು ಜನವೂ ತೋಡಿದರು. ಒಂದು ಬುಟ್ಟಿ ತೆಗೆದರೆ ಹತ್ತು ಬುಟ್ಟಿ ಜಾರಿ ಬರುತ್ತಿತ್ತು. ಮಣ್ಣು ಅಗೆಯುವ ಹಿಟಾಚಿ ಯಂತ್ರ ನಡೆಸುವ ಓಬಳೇಶ ಅವರ ಊರಿನವನೇ. ಯಂತ್ರ ತಿರುಗಿಸಿಕೊಂಡು ಬರಲು ಹೊರಟಿದ್ದ. ಶಂಭುಲಿಂಗ ಅಡ್ಡ ನಿಂತ.

"ಎಲ್ಲಿಗಿ?"

"ಹುಡಿಗಿ ಸಿಕ್ಕೊಂಡಾಳ್ರಿ ಅಲ್ಲಿ."

"ಯಾವ ಹುಡಿಗಿ? ನನ್ನ ಬುಕ್ಕಿನ್ಯಾಗ ಹುಡಿಗಿ ಇಲ್ಲ. ಇಳಿ ಕೆಳಗ. ಸಾಹುಕಾರ್ರು ಹೇಳೋ ತನಕ ಯಂತ್ರ ಮುಟ್ಟಿದ್ರ ನಾಳೆ ಬರಬ್ಯಾಡ."

ಓಬಳೇಶ ಇಳಿದ. ಗಾಳೆಮ್ಮನ ಮುಖ ನೋಡದೆ ನೆಲ ನೋಡುತ್ತ ನಿಂತ. ಸಂಜೆ ಎಲ್ಲರನ್ನೂ ಹೊರಗೆ ಅಟ್ಟಿದರು. ಮಾರನೇ ದಿನ ಬೆಳಿಗ್ಗೆ ಬಂದು ನೋಡಿದರೆ ಕುಸಿದ ಜಾಗದ ಮೇಲೆ ಹೊಸ ಮಣ್ಣು ಬಿದ್ದಿತ್ತು.

ಠಾಣೆಗೆ ಹೋದರು. ಸಾಲಿ ಮೇಷ್ಟ್ರು ಹಾಲೇಶ್ ಅರ್ಜಿ ಬರೆದುಕೊಟ್ಟರು. ಎರಡೇ ದಿನಕ್ಕೆ ಅವರಿಗೆ ದೂರದ ಊರಿಗೆ ವರ್ಗ ಬಂತು. ಅರ್ಜಿ ಓದಿದ ಇನ್ಸ್‌ಪೆಕ್ಟರು ಕೇಳಿದ, "ಮಗಳು ಸತ್ತಾಳ ಅಂತೀಯೇನಮ್ಮ?"

ಗಾಳೆಮ್ಮ ಬಾಯಿ ಬಿಡಲಿಲ್ಲ.

ಬಿಡುವ ಹಾಗಿರಲಿಲ್ಲ. ಕೇರಿಯ ಕಟ್ಟು ಅದು. ಹೆಣ ಕಣ್ಣಿಂದ ನೋಡಿ, ಮೂರು ಹಿಡಿ ಮಣ್ಣು ಕೊಡುವ ತನಕ ಹೆತ್ತವಳು ಬಾಯಲ್ಲಿ 'ಇಲ್ಲ' ಅನ್ನಬಾರದು, 'ಸತ್ತಳು' ಅನ್ನಬಾರದು. ಅಂದರೆ ತಾಯಿಯೇ ಮಗುವನ್ನು ಕಳಿಸಿಕೊಟ್ಟ ಹಾಗೆ. ಕೇರಿಯ ಹಿರಿಯಳು ಉಚ್ಚೆಂಗಮ್ಮ ಹಿಂದಿನ ರಾತ್ರಿಯೇ ಬಂದು ಗಾಳೆಮ್ಮನ ತಲೆ ಹಿಡಿದು ಹೇಳಿ ಹೋಗಿದ್ದಳು. "ಅನ್ನಬ್ಯಾಡ ಮಗಳೇ. ಮಣ್ಣು ಕೊಡೋ ತನಕ ಆಕಿ ಅದಾಳ. ಆಕಿ ಪಾಲಿನ ರೊಟ್ಟಿ ಬಡಿ." ಗಾಳೆಮ್ಮ ಬಡಿದಿದ್ದಳು. ಎರಡು ರೊಟ್ಟಿ, ಒಂದು ಮೆಣಸಿನಕಾಯಿ ತಾಟಿನಲ್ಲಿಟ್ಟು ಮುಚ್ಚಿದ್ದಳು.

"ಸತ್ತಾಳ್ರಿ ಸಾಹೇಬ್ರ. ನಾ ಕಣ್ಣಾರೆ ಕಂಡೀನಿ" ಎಂದು ಹೊಳೆಮ್ಮನೇ ಹೇಳಿದಳು.

"ನೀ ಯಾರು, ತಾಯಿ ಏನು? ಹೆಣ ಎಲ್ಲಿ? ಹೆಣ ಇಲ್ದ ಕೇಸ್ ಹೆಂಗ ಬರೀಲಿ? ಯಾವನ ಜೋಡಿ ಓಡಿ ಹೋಗ್ಯಾಳೋ ಮದ್ಲು ಹುಡುಕ್ಕೋರಿ."

ಹೊಳೆಮ್ಮ ಹೊರಗೆ ಬಂದು ಉಗಿದಳು. ಕೆಂಪಗೆ ಬಿತ್ತು. "ಹೆಣ ತೆಗ್ಯಾಕ ಕೇಸ್ ಬೇಕಂತ. ಕೇಸ್ ಬರ್ಯಾಕ ಹೆಣ ಬೇಕಂತ. ಹೂಂ, ನಡೀರಬೇ ರಸ್ತೆಗೆ."

ಮೂವತ್ತೊಂಬತ್ತು ಹೆಂಗಸರೂ ಗುಡ್ಡದಿಂದ ಇಳಿಯುವ ರಸ್ತೆಯಲ್ಲಿ ಕೂತರು. ತೊಡೆಯ ಮೇಲೆ ಸುತ್ತಿಗೆ ಇಟ್ಟುಕೊಂಡು ಕೂತರು. ಮಣ್ಣಿಗೆ ಬಂಗಾರದ ರೇಟು ಬಂದಿದ್ದ ಕಾಲ. ಚೀನಾ ದೇಶಕ್ಕೆ ಹೊರಟ ಅದಿರಿನ ಲಾರಿಗಳು ನಿಂತವು. ಹತ್ತು ನಿಂತವು, ನೂರು ನಿಂತವು. ಮಾರನೇ ದಿನದ ಹೊತ್ತಿಗೆ ಸಾಲು ಎರಡು ಮೈಲಿ ಹೋಯಿತು. "ಡಂಪು ತೆಗೀರಿ, ಮಗಳ್ನ ಕೊಡ್ರಿ" ಅಷ್ಟೇ ಅವರ ಮಾತು. ಬೇರೆ ಏನೂ ಕೇಳಲಿಲ್ಲ.

ಲಾಠಿ ಬರಲಿಲ್ಲ. ಹೊಸಪೇಟೆಯಿಂದ ಸುನಿತಾ ಮೇಡಂ ಬಂದರು.

ಆಳುವ ಪಕ್ಷದ ಮಹಿಳಾ ಘಟಕದ ಅಧ್ಯಕ್ಷೆ ಅವರು. ಬಿಳಿ ಕಾರಿನಿಂದ ಇಳಿದು ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲೇ ಧೂಳಿನಲ್ಲಿ ಕೂತುಬಿಟ್ಟರು. ಗಾಳೆಮ್ಮನ ಎರಡೂ ಕೈ ಹಿಡಿದುಕೊಂಡರು. ಉಗುರಿಲ್ಲದ ಬೆರಳು ನೋಡಿ ಕಣ್ಣಿಗೆ ಸೆರಗು ಒತ್ತಿಕೊಂಡರು.

"ಅಕ್ಕಾ, ನನಗೂ ಒಬ್ಬಾಕಿ ಮಗಳದಾಳ. ನಿನ್ನ ಹೊಟ್ಟಿ ಸಂಕಟ ನನಗ ತಿಳಿತೈತಿ. ನಾಡಿದ್ದು ಎಂಟನೇ ತಾರೀಕು ಮಹಿಳಾ ದಿನ. ಹೊಸಪ್ಯಾಟಿಯಾಗ ದೊಡ್ಡ ಸಮಾವೇಶ ಐತಿ. ಮಂತ್ರಿಗಳು ಬರ್ತಾರ. ನೀನು ಸ್ಟೇಜ್ ಮ್ಯಾಗ ಬಾ. ಅವರ ಕಾಲಿಗಲ್ಲ, ಅವರ ಸರಿಸಮ ಕುಂದ್ರು. ಒಂಬತ್ತನೇ ತಾರೀಕು ಮುಂಜಾನಿ ಡಂಪಿಗೆ ಯಂತ್ರ ಹಚ್ಚಸ್ತೀನಿ. ನನ್ನ ಮಗಳಾಣಿ."

"ಸ್ಟೇಜಿನ್ಯಾಗ ನಾ ಏನ್ ಮಾಡ್ಲಿರಿ?"

"ಏನಿಲ್ಲ. ನಿಮ್ಮ ಸುತ್ತಿಗಿ ತಂದು ಅವರ ಕೈಯಾಗ ಕೊಡ್ರಿ. ಇನ್ಮ್ಯಾಲ ನಮ್ಮ ಹೆಣ್ಮಕ್ಕಳಿಗೆ ಈ ಕಷ್ಟ ಬ್ಯಾಡ ಅಂತ ಅವರು ಹೇಳ್ತಾರ. ಅಷ್ಟ. ಈಗ ರಸ್ತೆ ಬಿಡ್ರಿ. ಮಂತ್ರಿಗಳಿಗೆ ಕೋಪ ಬಂದ್ರ ನಿನ್ನ ಮಗಳ ಕೆಲಸ ಕೆಡ್ತೈತಿ."

ಹೊಳೆಮ್ಮ ಕಿವಿಯಲ್ಲಿ ಉಸುರಿದಳು. "ಬ್ಯಾಡಬೇ. ಇಷ್ಟು ಜಲ್ದಿ ಅತ್ತಾಕೀನ್ನ ನಾ ಎಲ್ಲೂ ನೋಡಿಲ್ಲ."

ಗಾಳೆಮ್ಮನಿಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಮೂರು ದಿನದ ಬಿಸಿಲು. ಮಣ್ಣಿನೊಳಗೆ ಮಗಳ ಮೈ ಏನಾಗುತ್ತಿರುತ್ತದೆ ಎಂದು ಯೋಚನೆ ಬಂದರೆ ಹಲ್ಲು ಕಟ್ಟಿಕೊಳ್ಳುತ್ತಿತ್ತು. ಯಂತ್ರ ಅನ್ನುವ ಒಂದು ಮಾತೇ ಅವಳ ಕಿವಿಯಲ್ಲಿ ಉಳಿದಿತ್ತು. ಎದ್ದು ನಿಂತಳು. ಅವಳು ಎದ್ದಳೆಂದು ಮೂವತ್ತೇಳು ಜನ ಎದ್ದರು. ಕೊನೆಗೆ ಹೊಳೆಮ್ಮನೂ ಎದ್ದಳು. ಲಾರಿಗಳು ಹಾರ್ನ್ ಹಾಕುತ್ತ ಹೋದವು.

ಹೊಸಪೇಟೆಯ ಮೈದಾನದ ತುಂಬ ಹೆಂಗಸರು. ಕಂಪ್ಲಿಯಿಂದ, ಮೆಟ್ರಿಯಿಂದ, ದರೋಜಿಯಿಂದ ಬಸ್ಸು ತುಂಬಿ ತಂದಿದ್ದರು. ಎಲ್ಲರಿಗೂ ಒಂದೇ ಬಣ್ಣದ ಸೀರೆ ಕೊಟ್ಟಿದ್ದರು. ಎಲ್ಲ ಬ್ಯಾನರಿನಲ್ಲೂ ಮಂತ್ರಿಯ ಮುಖ, ಅದರ ಕೆಳಗೆ 'ನಮ್ಮದು ತಾಯಂದಿರ ಸರ್ಕಾರ' ಎಂಬ ಅಕ್ಷರ. ಸಂಡೂರು ಗುಡ್ಡದ ನಲವತ್ತು ಹೆಂಗಸರಲ್ಲಿ ಈಗ ಉಳಿದಿದ್ದ ಮೂವತ್ತೊಂಬತ್ತು ಜನರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಳೆಯ ಸೀರೆಯಲ್ಲೇ ಬರಬೇಕು, ಕೂದಲು ತೊಳೆಯಬಾರದು ಎಂದು ಸುನಿತಾ ಮೇಡಂ ಮೊದಲೇ ಹೇಳಿ ಕಳಿಸಿದ್ದರು.

ಗಾಳೆಮ್ಮನೊಬ್ಬಳನ್ನೇ ವೇದಿಕೆಗೆ ಕರೆದರು. ಹೊಳೆಮ್ಮ ಜೊತೆಗೆ ಎದ್ದಳು. ಒಬ್ಬ ಕಾರ್ಯಕರ್ತ ಅವಳ ಭುಜ ಅದುಮಿ ಕೂರಿಸಿದ.

ಉಳಿದವರು ಒಬ್ಬೊಬ್ಬರಾಗಿ ಬಂದು ಹೂವು ಹಾಸಿದ ಬುಟ್ಟಿಗೆ ಸುತ್ತಿಗೆ ಹಾಕಿ ಹೋದರು. ಠಣ್ ಠಣ್ ಎಂದು ಬಿದ್ದವು. ಫೋಟೋದವರು ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಗೆ ಮಂತ್ರಿ ಗಾಳೆಮ್ಮನ ಸುತ್ತಿಗೆ ಈಸಿಕೊಂಡು ತಲೆಯ ಮೇಲೆ ಎತ್ತಿ ಹಿಡಿದ.

"ಇವತ್ತಿನಿಂದ ನಮ್ಮ ಯಾವ ತಾಯಿಯೂ ಗಣಿಯಲ್ಲಿ ಕಾಲಿಡಬಾರದು! ಹೆಣ್ಣಿನ ಕೈಗೆ ಬಳೆ ಚೆಂದವೋ, ಸುತ್ತಿಗೆ ಚೆಂದವೋ? ಹೆಣ್ಣಿನ ಮಾನ, ಹೆಣ್ಣಿನ ಜೀವ ನಮ್ಮ ಸರ್ಕಾರಕ್ಕೆ ದೇವರು. ಹಿಂದೆ ಆಳಿದವರು ನಿಮಗೆ ಏನು ಕೊಟ್ಟರು? ಕಲ್ಲು ಕೊಟ್ಟರು!"

ಚಪ್ಪಾಳೆ ಬಿತ್ತು. ಮಂತ್ರಿ ಗಾಳೆಮ್ಮನ ಹೆಗಲ ಮೇಲೆ ಕೈ ಹಾಕಿದ. ಮೈಕು ಅವಳ ಬಾಯಿ ಹತ್ತಿರ ಹಿಡಿದ. ದನಿ ಬೆಣ್ಣೆಯಾಯಿತು.

"ಅಮ್ಮಾ, ನಿನಗೊಬ್ಬ ಮಗಳು ಇದಾಳಂತಲ್ಲ. ಸುಳ್ಳು ಸುದ್ದಿ ಭಾಳ ಹಬ್ಬಿಸ್ಯಾರ ವಿರೋಧಿಗಳು. ನೀನ ಹೇಳಿಬಿಡು. ಮಗಳು ಅದಾಳೋ ಇಲ್ಲೋ?"

ಗಾಳೆಮ್ಮ ಮುಂದಿನ ಸಾಲಿನ ಕಡೆ ನೋಡಿದಳು. ಕೆಳಗೆ ಹೊಳೆಮ್ಮ ಎದ್ದು ನಿಂತು ಕೈ ಬೀಸುತ್ತಿದ್ದಳು. ಹೇಳು, ಹೇಳು ಎನ್ನುತ್ತಿದ್ದಾಳೋ, ಬೇಡ ಎನ್ನುತ್ತಿದ್ದಾಳೋ ತಿಳಿಯಲಿಲ್ಲ. 'ಇಲ್ಲ' ಎನ್ನಬೇಕು. ಎರಡೇ ಅಕ್ಷರ. ಹೆತ್ತವಳು ಆ ಎರಡು ಅಕ್ಷರ ಹೇಗೆ ಅನ್ನುತ್ತಾಳೆ? ನಾಳೆ ಯಂತ್ರ ಬರುತ್ತದೆ, ಮಗಳ ಮುಖ ನೋಡಿ, ಮಣ್ಣು ಕೊಟ್ಟು, ಆಮೇಲೆ ಲೋಕಕ್ಕೆಲ್ಲ ಕೇಳುವಂತೆ ಅನ್ನುತ್ತಾಳೆ. ಇವತ್ತಲ್ಲ.

"ಅದಾಳ್ರಿ" ಎಂದಳು.

ಹತ್ತು ಲೌಡ್‌ಸ್ಪೀಕರಿನಲ್ಲಿ ಅದು ಹೊಸಪೇಟೆಗೆಲ್ಲ ಕೇಳಿತು.

"ಚಪ್ಪಾಳಿ ಹೊಡೀರಿ!" ಎಂದ ಮಂತ್ರಿ. ಸುನಿತಾ ಮೇಡಂ ಶಾಲು ಹೊದಿಸಿದರು. ಶಾಲಿನ ಜೊತೆ ಕೊಟ್ಟ ಫಲಕದಲ್ಲಿ ಏನು ಬರೆದಿದೆಯೆಂದು ಗಾಳೆಮ್ಮನಿಗೆ ಓದಲು ಬರುತ್ತಿರಲಿಲ್ಲ. ಓದುವವಳು ಡಂಪಿನ ಕೆಳಗಿದ್ದಳು.

ಒಂಬತ್ತನೇ ತಾರೀಕು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗಾಳೆಮ್ಮ ಗುಡ್ಡ ಹತ್ತಿದಳು. ಕಂಕುಳಲ್ಲಿ ಹೊಸ ಬಿಳಿ ಬಟ್ಟೆ, ಅರಿಶಿಣ, ಒಂದು ತಂಬಿಗೆ ನೀರು. ಹಿಂದೆ ಉಳಿದವರೂ ಬಂದರು. ಗೇಟಿಗೆ ಬೀಗ ಬಿದ್ದಿತ್ತು. ಹೊಸ ಬೋರ್ಡು ತೂಗುತ್ತಿತ್ತು. ಶಂಭುಲಿಂಗ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಯಂತ್ರ ಎಲ್ಲಿ ಐತ್ರಿ ಅಣ್ಣಾರ?"

"ಯಾವ ಯಂತ್ರ? ಬೋರ್ಡ್ ಓದಿಸ್ಕೋ. 'ಮಹಿಳೆಯರಿಗೆ ಪ್ರವೇಶವಿಲ್ಲ. ಅವರ ಸುರಕ್ಷತೆಗಾಗಿ.' ಸರಕಾರದ ಆದೇಶ. ನೀನ ಮಾಡಿಸಿದ್ದಲ್ಲೇನು ನಿನ್ನೆ? ನಾಳಿಂದ ಇಲ್ಲಿ ಕಲ್ಲು ಒಡಿಯೋ ಮಷಿನ್ ಬರ್ತೈತಿ. ಹೆಣ್ಣಾಳು ಬ್ಯಾಡ."

ಹಿಂದೆ ನಿಂತಿದ್ದ ಹೆಂಗಸರ ನಡುವೆ ಒಂದು ಸದ್ದು ಹುಟ್ಟಿತು. ಭರಮಮ್ಮ ಎಂಬ ಮೂರು ಮಕ್ಕಳ ತಾಯಿ ಗಾಳೆಮ್ಮನ ಸೆರಗು ಹಿಡಿದು ಎಳೆದಳು. "ಏನಬೇ ಇದು? ನಿನ್ನ ಮಗಳ ಸಲುವಾಗಿ ಸುತ್ತಿಗಿ ಕೊಟ್ವಿ. ಅನ್ನಾನೂ ಕೊಟ್ವೇನು? ನೀ ಶಾಲು ಹೊತಗೊಂಡಿ, ನಾವ್ ಏನ್ ಹೊತಗಬೇಕು?"

ಗಾಳೆಮ್ಮನಿಗೆ ಅದು ಕೇಳಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತಿದ್ದಳು. "ಅಣ್ಣಾರ, ಮಗಳ್ನ ತೆಗೀತೀನಿ ಅಂತ ಮೇಡಮ್ಮಾರು ಆಣಿ ಮಾಡ್ಯಾರ."

ಶಂಭುಲಿಂಗ ಪೇಪರು ಎತ್ತಿ ತೋರಿಸಿದ. ಮೊದಲ ಪುಟದಲ್ಲಿ ಮಂತ್ರಿಯ ಕೈ ಅವಳ ಹೆಗಲ ಮೇಲಿತ್ತು. "'ನನ್ನ ಮಗಳು ಕ್ಷೇಮ: ಗಣಿ ತಾಯಿಯ ಸ್ಪಷ್ಟನೆ'. ನೋಡು. ಹತ್ತು ಸಾವಿರ ಮಂದಿ ಮುಂದ ಅಂದೀಯಲ್ಲಬೇ, ಅದಾಳ ಅಂತ."

ಗಾಳೆಮ್ಮ ಕಂಬಿ ಹಿಡಿದು ಗೇಟು ಅಲ್ಲಾಡಿಸಿದಳು. ಉಚ್ಚೆಂಗಮ್ಮನ ಮಾತು, ಕೇರಿಯ ಕಟ್ಟು, ಐದು ದಿನದಿಂದ ಬಾಯಲ್ಲಿ ಹಿಡಿದಿಟ್ಟಿದ್ದು ಎಲ್ಲ ಒಡೆಯಿತು.

"ಸತ್ತಾಳ್ರೋ! ನನ್ನ ಮಗಳು ಸತ್ತಾಳ! ನಾನ ಅಂತೀನಿ, ಹೆತ್ತಾಕಿ, ಸತ್ತಾಳ!"

ಶಂಭುಲಿಂಗ ಪೇಪರು ಮಡಿಚಿದ. "ನಿನ್ನೆ ಇದ್ಲು. ಇವತ್ತು ಸತ್ಲೇನು?"

ಆ ಮಾತು ಕೇಳಿದ ಮೇಲೆ ಭರಮಮ್ಮನ ಕೈ ಸೆರಗು ಬಿಟ್ಟಿತು. ಅವಳು ಗೇಟನ್ನು ಒದ್ದಳು. ಇನ್ನೊಬ್ಬಳು ಒದ್ದಳು. ಮೂವತ್ತೊಂಬತ್ತು ಜನ ಒದ್ದರು. ಬೀಗ ಗಟ್ಟಿಯಿತ್ತು, ಕೀಲು ತುಕ್ಕು ಹಿಡಿದಿತ್ತು. ಗೇಟು ಬಿತ್ತು. ಶಂಭುಲಿಂಗ ಫೋನು ಹಿಡಿದು ಆಫೀಸಿನೊಳಗೆ ಓಡಿದ.

ಡಂಪಿನ ಬುಡಕ್ಕೆ ಹೋಗಿ ಕೂತರು. ಕೈಯಿಂದ ತೋಡತೊಡಗಿದರು. ದೂರದಲ್ಲಿ ಓಬಳೇಶ ತನ್ನ ಯಂತ್ರದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಮಣ್ಣು ಜಾರುತ್ತಿತ್ತು, ತೆಗೆಯುತ್ತಿದ್ದರು, ಜಾರುತ್ತಿತ್ತು.

ಗಂಟೆ ಹತ್ತರ ಹೊತ್ತಿಗೆ ವ್ಯಾನು ಬಂತು. ಬಳ್ಳಾರಿಯಿಂದ ಹೆಣ್ಣು ಪೊಲೀಸರನ್ನೇ ಕರೆಸಿದ್ದರು. ಗಂಡು ಪೊಲೀಸರು ಗೇಟಿನ ಆಚೆ ನಿಂತರು. ಹೆಂಗಸರ ಮೈ ಮುಟ್ಟಬಾರದೆಂದು ಅವರಿಗೆ ಮೇಲಿನಿಂದ ಕಟ್ಟಪ್ಪಣೆ ಇತ್ತು. ತಾಯಂದಿರ ಸರ್ಕಾರ.

ಲೇಡಿ ಎಸ್‌ಐ ಮೆಗಾಫೋನಿನಲ್ಲಿ ಓದಿದರು. ಇದು ಮಹಿಳೆಯರಿಗೆ ನಿಷೇಧಿತ ಪ್ರದೇಶ, ಐದು ನಿಮಿಷದಲ್ಲಿ ಖಾಲಿ ಮಾಡದಿದ್ದರೆ ಕೇಸು. ಐದು ನಿಮಿಷ ಆಯಿತು. ಒಬ್ಬೊಬ್ಬರನ್ನೇ ರೆಟ್ಟೆ ಹಿಡಿದು ಎಳೆದರು. ಭರಮಮ್ಮನನ್ನು ಕೂದಲು ಹಿಡಿದು ಎಳೆದರು. ಗಾಳೆಮ್ಮ ಇಳಿಜಾರಿನಲ್ಲಿ ಮೇಲಕ್ಕೆ ಹತ್ತಿದಳು, ಕೆಳಗಿನ ಕೈಗೆ ಸಿಗದಷ್ಟು ಎತ್ತರಕ್ಕೆ. ಒಬ್ಬಳು ಎಳೆಯ ಕಾನ್‌ಸ್ಟೇಬಲ್ ಹಿಂದೆಯೇ ಹತ್ತಿ ಬಂದು ತೋಳು ಹಿಡಿದಳು. ಎದೆಯ ಪಟ್ಟಿಯಲ್ಲಿ ಸೌಜನ್ಯ ಎಂದಿತ್ತು. ಇಪ್ಪತ್ತೆರಡು ಇದ್ದಾಳು.

"ಬರ್ರಿ ಅಮ್ಮಾ, ಸುಮ್ನ ಬಂದುಬಿಡ್ರಿ. ಇಲ್ಲಿ ಹೆಣ್ಮಕ್ಕಳು ಬರಂಗಿಲ್ಲ."

"ನೀ ಏನು ಗಂಡಸೇನು?"

ಹುಡುಗಿ ಕೆಳಗೆ ನಿಂತಿದ್ದ ಎಸ್‌ಐ ಕಡೆ ನೋಡಿದಳು.

"ಕಟ್ಟಿದ ಬೋರ್ಡು ನಿನಗ ಇಲ್ಲೇನು? ನೀನೂ ಹೆಣ್ಣಾಳ. ನಿಮ್ಮ ಮೇಡಮ್ಮನೂ ಹೆಣ್ಣಾಳ. ಎಲ್ಲಾರ ಮ್ಯಾಲೂ ಕೇಸ್ ಹಾಕ್ರಿ."

"ಅಮ್ಮಾ, ಆದೇಶ ಐತ್ರಿ..."

"ಐತಿ, ಗೊತ್ತೈತಿ. ನಾನ ಮಾಡಿಸೀನಂತ. ಕೇಳಿಲ್ಲಿ." ಗಾಳೆಮ್ಮ ಉಸಿರು ಎಳೆದುಕೊಂಡಳು. ದನಿ ಏರಿಸಲಿಲ್ಲ. "ನಿಮ್ಮ ಆದೇಶ ಮುರದಾಕಿ ನಾನೊಬ್ಬಾಕೇ ಅಲ್ಲ. ಇನ್ನೊಬ್ಬಾಕಿ ಅದಾಳ, ಗಣಿ ಒಳಗ. ಐದು ದಿನ ಆತು, ಹೊರಗ ಬರವಲ್ಲಳು. ಹೆಸರು ಹೇಮಾ. ತಂದಿ ಎರ್ರಿಯಪ್ಪ. ಹತ್ತೊಂಬತ್ತು ವರ್ಷ. ಆಕಿ ಮ್ಯಾಲ ಕೇಸ್ ಹಾಕ್ರಿ. ಹೊರಗ ತಗದು, ಬೇಡಿ ಹಾಕಿ ಒಯ್ರಿ. ಜೇಲಿಗೆ ಹಾಕ್ರಿ. ನಾ ಬ್ಯಾಡನ್ನಂಗಿಲ್ಲ. ಹೊರಗ ತೆಗೀರಿ ಸಾಕು."

"ಎಲ್ಲಿ... ಎಲ್ಲದಾಳ್ರಿ?"

ಗಾಳೆಮ್ಮ ಕೈ ತೋರಿಸಲಿಲ್ಲ. ಹುಡುಗಿಯ ಕಾಲ ಕಡೆ ನೋಡಿದಳು.

ಕೆಳಗಿನಿಂದ ಎಸ್‌ಐ ಕೂಗಿದರು. "ಏ ಸೌಜನ್ಯಾ, ಏನ್ ಮಾತು ಅಲ್ಲಿ? ಎಳಕೊಂಡು ಬಾ!"

ಹುಡುಗಿ ಎಳೆಯಲು ಹೋಗಿ ಒಂದು ಬೂಟು ಎತ್ತಿದಳು. ಎತ್ತಿದ್ದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಗಾಳೆಮ್ಮನ ತೋಳು ಹಿಡಿದುಕೊಂಡು ಹಾಗೇ ಒಂಟಿ ಕಾಲಲ್ಲಿ ನಿಂತುಬಿಟ್ಟಳು.